ಒಂದೇ ತಾಯಿಯವು

"ಆ ಕಡೆ ಸ್ವಲ್ಪ ಎತ್ತಮ್ಮಾ, ಜಾರುತ್ತೆ," ಅಂದರು ಮೇಷ್ಟ್ರ ತಮ್ಮ.

ಚಿಪ್ಪು ತುಂಬಿದ ಖಾನೆಗಳನ್ನು ಅವರೂ ಅವಳೂ ಒಂದೊಂದಾಗಿ ಹೊತ್ತು ವರಾಂಡಕ್ಕೆ ಸಾಗಿಸುತ್ತಿದ್ದರು. ಹಾಲಿನಲ್ಲಿ ಮೇಷ್ಟ್ರ ದೇಹ ಮಲಗಿಸಲು ಜಾಗ ಬೇಕಿತ್ತು. ಆಸ್ಪತ್ರೆಯಿಂದ ಗಾಡಿ ಹೊರಟಾಗಿತ್ತು.

"ಜೀವಮಾನವಿಡೀ ಬಸವನಹುಳದ ಹಿಂದೆ ಬಿದ್ದ ನಮ್ಮಣ್ಣ. ಅದಕ್ಕೇ ಯಾರ ಮದುವೆಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ." ನಗಲು ಹೋಗಿ ಅವರು ಕಣ್ಣೊರೆಸಿಕೊಂಡರು. "ನೀನು ಮ್ಯೂಸಿಯಮ್ಮಿನವಳಾ?"

"ಹೌದು. ಅವರ ಶಿಷ್ಯೆ."

ಶಿಷ್ಯೆ ಅನ್ನುವಾಗ ಅವಳ ನಾಲಿಗೆ ತಡವರಿಸಿತು. ಈ ಮನೆಯ ಹೊಸ್ತಿಲು ತುಳಿದು ಆರು ವರ್ಷವಾಗಿತ್ತು.

*

ಮ್ಯೂಸಿಯಮ್ಮಿನಲ್ಲಿ ಕೆಲಸಕ್ಕೆ ಸೇರಿದ ದಿನ, ಅಲ್ಲೇ ಇದ್ದ ಮೇಷ್ಟ್ರು ಅವಳ ಅಂಗೈಯಲ್ಲಿ ಎರಡು ಚಿಪ್ಪು ಇಟ್ಟಿದ್ದರು.

"ಬಣ್ಣಕ್ಕೆ ಮರುಳಾಗಬೇಡ. ಬಾಯಿ ನೋಡು. ಇದರ ತುಟಿ ದಪ್ಪ, ಇದರದ್ದು ತೆಳು. ಬೇರೆ ಬೇರೆ ಉಪಪ್ರಭೇದ."

ಮೂವತ್ತು ವರ್ಷ ಒಂದೇ ಬೆಟ್ಟಸಾಲು ಸುತ್ತಿ, ಒಂದೇ ಪ್ರಭೇದದ ಬಸವನಹುಳದಲ್ಲಿ ಏಳು ಉಪಪ್ರಭೇದ ಗುರುತಿಸಿ, ಏಳಕ್ಕೂ ಹೆಸರಿಟ್ಟವರು ಅವರು.

ಅವರು ನಿವೃತ್ತರಾದ ಮೇಲೆ ಮ್ಯೂಸಿಯಮ್ಮಿನಲ್ಲಿದ್ದ ಎರಡು ಸಾವಿರ ಚಿಪ್ಪುಗಳನ್ನು ಅವಳು ಮತ್ತೆ ಅಳೆದಳು. ಇಲ್ಲಿಗೆ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಗೆರೆ ಎಳೆಯಲು ಎಲ್ಲೂ ಆಗಲಿಲ್ಲ. ದಪ್ಪ ತುಟಿ ಬರಬರುತ್ತಾ ತೆಳುವಾಗುತ್ತಿತ್ತು. ಸುಣ್ಣ ಇರುವ ಮಣ್ಣಿನಲ್ಲಿ ದಪ್ಪ, ಇಲ್ಲದ ಕಡೆ ತೆಳು, ಅಷ್ಟೇ ಇರಬೇಕು, ಏಳೂ ಒಂದೇ ಎಂದು ಲೇಖನ ಬರೆದಳು. ಅಚ್ಚಿಗೆ ಕಳಿಸುವ ಮುಂಚೆ ಮೇಷ್ಟ್ರಿಗೆ ಹೇಳಬೇಕೆಂದು ಈ ಗೇಟಿನವರೆಗೂ ಬಂದಿದ್ದಳು. ಒಳಗಿನಿಂದ ಅವರ ಕೆಮ್ಮು ಕೇಳಿಸಿತು. ಚಿಲಕಕ್ಕೆ ಹೋದ ಕೈ ಹಿಂದಕ್ಕೆ ಬಂತು.

ಲೇಖನ ಅಚ್ಚಾದ ಮೇಲಂತೂ ಯಾವ ಮುಖ ಹೊತ್ತು ಹೋಗುವುದು? ಹೋದ ವರ್ಷ ಮೇಷ್ಟ್ರೇ ಎರಡು ಸಲ ಫೋನ್ ಮಾಡಿದರು. ಅವಳು ಎತ್ತಲಿಲ್ಲ.

*

ದೇಹ ಬಂತು. ಬಂದವರು ನೋಡಿ, ಕೈಮುಗಿದು, ವರಾಂಡದಲ್ಲಿ ಖಾನೆಗಳ ನಡುವೆ ಕಾಲಿಡಲು ಜಾಗ ಹುಡುಕುತ್ತಾ ನಿಂತರು. ಮೇಷ್ಟ್ರ ಹೆಂಡತಿ ಗೋಡೆಗೊರಗಿ ಕೂತಿದ್ದವರು ಅವಳನ್ನು ಕಂಡು ಎದ್ದರು.

"ಈಗ ಬಂದೆಯಾ?"

"ತಪ್ಪಾಯ್ತಮ್ಮಾ. ಬೈತಾರೆ ಅಂತ ಹೆದರಿಬಿಟ್ಟೆ."

"ಬೈದ್ರು. ಒಂದು ವಾರ ಊಟಾನೂ ಸರಿಯಾಗಿ ಮಾಡಲಿಲ್ಲ. ಆಮೇಲೆ ಒಂದಿನ ಎರಡು ಗಾಜಿನ ಜಾಡಿ ತಂದ್ರು. ಬಾ ಇಲ್ಲಿ."

ಹಿಂದಿನ ಕೋಣೆಯ ಕಿಟಕಿಯಲ್ಲಿ ಜಾಡಿಗಳಿದ್ದವು. ತೇವದ ಮಣ್ಣು, ಬಾಡಿದ ಸೊಪ್ಪು, ಗಾಜಿಗೆ ಅಂಟಿಕೊಂಡ ಹುಳಗಳು.

"ಒಂದೇ ಹುಳದ ಮೊಟ್ಟೆಯಂತೆ. ಅರ್ಧ ಇದರಲ್ಲಿ, ಅರ್ಧ ಅದರಲ್ಲಿ. ಇದಕ್ಕೆ ಮಾತ್ರ ಸುಣ್ಣದ ಪುಡಿ. ಮೂರು ಸಲ ಎಲ್ಲಾ ಸತ್ತವು, ನಾಲ್ಕನೇ ಸಲ ಉಳಿದವು. ಸೊಪ್ಪು ಹೆಚ್ಚಿ ಹೆಚ್ಚಿ ನನ್ನ ಕೈ ಬಿದ್ದುಹೋಯ್ತು."

ಅವಳು ಎರಡೂ ಜಾಡಿಯಿಂದ ಒಂದೊಂದು ತೆಗೆದು ಬಾಯಿ ನೋಡಿದಳು. ಸುಣ್ಣದ ಜಾಡಿಯದರ ತುಟಿ ದಪ್ಪ. ಇನ್ನೊಂದರದ್ದು ಉಗುರಿನಷ್ಟು ತೆಳು. ತಾನು ಬರೀ 'ಇರಬೇಕು' ಎಂದು ಬರೆದದ್ದನ್ನು ಮೇಷ್ಟ್ರು ಮಾಡಿ ತೋರಿಸಿದ್ದರು, ತಮ್ಮ ಏಳು ಹೆಸರುಗಳನ್ನೂ ತಾವೇ ಅಳಿಸಿಕೊಂಡು.

"'ಅವಳು ಹೇಳಿದ್ದೇ ಸರಿ ಕಣೇ, ಆದ್ರೆ ಸಾಕ್ಷಿ ಇಲ್ಲ ಅವಳ ಹತ್ರ. ನನ್ನ ಹತ್ರ ಇದೆ' ಅಂತಿದ್ರು. ಅದಕ್ಕೇ ಫೋನ್ ಮಾಡಿದ್ದು."



"ಅತ್ತಿಗೇ, ಹೊತ್ತಾಯ್ತು, ಬನ್ನಿ," ಎಂದು ಮೇಷ್ಟ್ರ ತಮ್ಮ ಹೊರಗಿನಿಂದ ಕರೆದರು. ಮೇಷ್ಟ್ರ ಹೆಂಡತಿ ಸೆರಗು ಸರಿಮಾಡಿಕೊಂಡು ಹೋದರು.

ಅವಳು ಹುಳಗಳನ್ನು ಅವುಗಳ ಜಾಡಿಗೆ ಬಿಟ್ಟಳು. ಸುಣ್ಣದ ಜಾಡಿಯೊಳಗೆ, ಮ್ಯೂಸಿಯಮ್ಮಿನ ರೂಢಿಯಂತೆ, ಒಂದು ಚೀಟಿ ಇತ್ತು. ಮೇಷ್ಟ್ರ ದುಂಡನೆ ಅಕ್ಷರ: 'ಎರಡೂ ಒಂದೇ ತಾಯಿಯವು. ಅವಳಿಗೆ ತೋ'. ಮುಂದಿನದು ಇರಲಿಲ್ಲ. ಒಂದು ಹುಳ ಕೊಂಬು ಚಾಚಿ, ಚೀಟಿಯ ಅಂಚಿಗೆ ಬಾಯಿ ಹಚ್ಚಿ, ಸಾವಕಾಶವಾಗಿ ಕಾಗದ ಮೇಯುತ್ತಿತ್ತು.