ಗಂಟಿನ ಟಿಕೇಟು

"ಒರಗಿಸ್ದೆ! ಏಯ್ ಮುದುಕಿ, ಗಂಟನ್ನ ಕಂಬಕ್ಕೆ ಒರಗಿಸ್ದೆ ನೀನು. ಕಣ್ಣಾರೆ ನೋಡಿದೀನಿ, ಸುಳ್ಳು ಬೊಗಳಬೇಡ. ತೆಗಿ ದುಡ್ಡು!"

ಟಿಕೇಟಿನವನು ಲಾಂಚಿನ ಹಿಂಬದಿಗೆ ಬಂದು, ಎಂಜಿನ್ನಿನ ಬಿಸಿಗೆ ಮುಖ ಸಿಂಡರಿಸಿಕೊಂಡು ಅತ್ತೆಯ ಎದುರು ನಿಂತಿದ್ದ. ಅತ್ತೆಯ ತಲೆಯ ಮೇಲೆ ಆಸ್ಪತ್ರೆಯ ಕೊಳೆಬಟ್ಟೆಯ ಗಂಟು. ಅವಳ ಹಿಂದೆ ಸೊಸೆ, ಸೊಸೆಯ ಹಿಂದೆ ಗಿಡ್ಡಿ, ಅವಳಾಚೆ ಇನ್ನೂ ನಾಲ್ವರು. ಎಲ್ಲರ ತಲೆಯ ಮೇಲೂ ಅಷ್ಟಷ್ಟೇ ದೊಡ್ಡ ಗಂಟು. ಎಲ್ಲರೂ ನಿಂತೇ ಇದ್ದರು.

"ಯಾವಳೋ ಒರಗಿಸ್ದೋಳು? ನಿನ್ನ ಬಾಯಿಗೆ ಮಣ್ಣು ಬೀಳ," ಎಂದಳು ಅತ್ತೆ. "ಹೆಂಡ ಕುಡಿದವನ ಥರ ಓಲಾಡ್ತದೆ ನಿನ್ನ ಲಾಂಚು. ಕಂಬಾನೇ ಬಂದು ನನ್ನ ಗಂಟನ್ನ ಮುಟ್ಟಿದ್ರೆ ನಾನೇನ್ಮಾಡ್ಲಿ? ಹೋಗು, ಕಂಬದ ಹತ್ರ ಕೇಳು ದುಡ್ಡು."

ಬೆಂಚುಗಳ ಮೇಲೆ ಕೂತಿದ್ದವರಲ್ಲಿ ಒಂದಿಬ್ಬರು ನಕ್ಕರು. ನಕ್ಕಿದ್ದೇ ಕೆಟ್ಟದ್ದಾಯಿತು. ಟಿಕೇಟಿನವನ ಮುಖ ಕೆಂಪೇರಿತು.

"ಒರಗಿಸಿದ್ರೂ ಇಟ್ಟ ಹಾಗೇನೆ. ಇಟ್ರೆ ಸರಕು. ಸರಕಿಗೆ ಟಿಕೇಟು. ಇಲ್ಲಾಂದ್ರೆ ಗಂಟು ನೀರಿಗೆ."

ಲಾಂಚು ಪುರಸಭೆಯದು. ನೆಲಕ್ಕಿಟ್ಟ ಹೊರೆಗೆ ದರವಿತ್ತು, ತಲೆಯ ಮೇಲಿದ್ದ ಹೊರೆಗೆ ಇರಲಿಲ್ಲ. ಯಾವ ಕಾಲದಲ್ಲಿ ಯಾವ ಪುಣ್ಯಾತ್ಮ ಮಾಡಿದ ನಿಯಮವೋ, ಅದನ್ನು ಹಿಡಿದುಕೊಂಡೇ ಈ ಹೆಂಗಸರು ಬದುಕಿದ್ದರು. ಆಸ್ಪತ್ರೆ ಆಚೆ ದಡದಲ್ಲಿ, ಒಗೆಯುವ ತೊಟ್ಟಿಗಳು ಈಚೆ ದಡದಲ್ಲಿ. ಒಗೆದದ್ದನ್ನು ಅಲ್ಲಿಗೆ ಒಯ್ಯಬೇಕು, ಕೊಳೆಯಾದದ್ದನ್ನು ಇಲ್ಲಿಗೆ ತರಬೇಕು. ಗುತ್ತಿಗೆದಾರ ಗಂಟಿಗಿಷ್ಟು ಎಂದು ಕೊಡುವುದರಲ್ಲಿ ಸರಕಿನ ಟಿಕೇಟು ಕೊಂಡರೆ ಉಳಿಯುವುದು ಸೋಪಿನ ನೊರೆ ಮಾತ್ರ. ಹಾಗಾಗಿ ಹೊಳೆ ದಾಟುವಷ್ಟು ಹೊತ್ತೂ ಅವರು ಗಂಟು ಇಳಿಸುತ್ತಿರಲಿಲ್ಲ. ತಮ್ಮ ತಲೆಗೆ ಟಿಕೇಟು ಕೊಂಡಿದ್ದರೂ ಒಂದು ದಿನವೂ ಬೆಂಚಿನ ಮೇಲೆ ಕೂತವರಲ್ಲ.

"ಕೊಟ್ಟು ಸಾಯಿ ಅತ್ತೆ," ಎಂದಳು ಸೊಸೆ ಮೆಲ್ಲಗೆ.

ಅತ್ತೆ ಸೊಂಟದಲ್ಲಿ ದುಡ್ಡು ಕಟ್ಟಿಕೊಂಡಿದ್ದ ಸೆರಗಿನ ಗಂಟಿಗೆ ಬಲಗೈ ಹಾಕಿದಳು. ಆ ಕೈಯಲ್ಲಿ ಈಚೆಗೆ ಜೀವವಿರಲಿಲ್ಲ. ಬೆರಳುಗಳು ಬಟ್ಟೆಯನ್ನು ತಡಕಿದವು, ಜಾರಿದವು, ಮತ್ತೆ ತಡಕಿದವು. ಕೊನೆಗೆ ಕೈಗೆ ಬಂದ ನಾಣ್ಯ ಹಲಗೆಯ ಮೇಲೆ ಬಿದ್ದು ಉರುಳಿ ಹೋಯಿತು. ಬೆಂಚಿನ ಮೇಲಿದ್ದ ಒಬ್ಬ ಕಾಲು ಚಾಚಿ ಅದನ್ನು ಬೂಟಿನಡಿ ನಿಲ್ಲಿಸಿದ.

"ಬಗ್ಗಿ ತಗೋ," ಎಂದ ಟಿಕೇಟಿನವನು.

ಬಗ್ಗಿದರೆ ಗಂಟು ಬೀಳುತ್ತದೆ. ಅದು ಅವನಿಗೂ ಗೊತ್ತು, ಬೂಟಿನವನಿಗೂ ಗೊತ್ತು. ಅತ್ತೆ ಬಗ್ಗಲಿಲ್ಲ. ಕತ್ತು ನೆಟ್ಟಗಿಟ್ಟು, ದೃಷ್ಟಿ ಹೊಳೆಯಾಚೆಗೆ ಇಟ್ಟು, ಮೊಣಕಾಲುಗಳನ್ನು ಮಾತ್ರ ಮಡಿಸುತ್ತ ಮಡಿಸುತ್ತ ಇಳಿದಳು. ಇಡೀ ಲಾಂಚು ಅದನ್ನೇ ನೋಡುತ್ತಿತ್ತು. ಕೈ ಹಲಗೆಗೆ ತಾಗಿತು, ಆದರೆ ಬೆರಳಿಗೆ ನಾಣ್ಯ ಸಿಗಲಿಲ್ಲ. ಅದು ಇನ್ನೂ ಬೂಟಿನಡಿಯಲ್ಲೇ ಇತ್ತು.

"ಕಾಲು ತೆಗಿಯೋ, ನಿನ್ನ ಹೆಣ ಎತ್ತ!" ಎಂದು ಗಿಡ್ಡಿ ಕಿರುಚಿದಳು.

ಬೂಟಿನವನು ನಗುತ್ತ ಕಾಲು ತೆಗೆದ.

ಲಾಂಚು ದಡ ಮುಟ್ಟುವಾಗ ಟಿಕೇಟಿನವನು ಹೇಳಿದ. "ನನ್ನ ಮೇಲೆ ಯಾಕ್ರೇ ಉರಿದು ಬೀಳ್ತೀರಾ? ಬರೋ ವಾರ ಪುರಸಭೇಲಿ ದರದ ಮೀಟಿಂಗಿದೆ. ಜನ ಬಂದು ಹೇಳಬಹುದಂತೆ. ಹೋಗಿ ಅಲ್ಲಿ ಬೊಬ್ಬೆ ಹೊಡೀರಿ."

*

ತೊಟ್ಟಿಯ ಬದಿಯ ಕಲ್ಲಿನ ಮೇಲೆ ಅತ್ತೆಯನ್ನು ಕೂರಿಸಿ ಸೊಸೆ ಅವಳ ಕತ್ತು ನೀವಿದಳು. ಕತ್ತಿನ ಹಿಂದೆ ಮೂಳೆಯೊಂದು ಗಂಟುಕಟ್ಟಿಕೊಂಡಿತ್ತು. ಆಸ್ಪತ್ರೆಗೆ ಗಂಟು ಒಪ್ಪಿಸಲು ಹೋದಾಗ ಡಾಕ್ಟರೊಬ್ಬರು ಅತ್ತೆಯ ಕೈ ಚಿವುಟಿ ನೋಡಿ, ನಿಂತು ಹೊರುವುದನ್ನು ಬಿಡದಿದ್ದರೆ ಇನ್ನೊಂದು ಕೈಯೂ ಹೀಗೇ ಆಗುತ್ತದೆ ಎಂದಿದ್ದರು. ಲಾಂಚಿನ ಕಟ್ಟೆಯಿಂದ ಆಸ್ಪತ್ರೆಗೆ ನಡೆಯುವುದು ದೊಡ್ಡದಲ್ಲ. ಕೊಲ್ಲುತ್ತಿದ್ದುದು ಲಾಂಚು. ನೀರು ಓಲಾಡಿದಂತೆಲ್ಲ ಕತ್ತು ಗಂಟನ್ನು ಹಿಡಿದು ನಿಲ್ಲಿಸಬೇಕು.

"ಲಾಂಚಲ್ಲಿ ಗಂಟು ಇಳಿಸೋಕೆ ಬಿಟ್ರೆ ಸಾಕು," ಎಂದಳು ಸೊಸೆ. "ಕೈಗೆಟಕೋ ಹಾಗೆ ಒಂದು ದರ ಹಾಕ್ಲಿ, ಕೊಡೋಣ. ಅಷ್ಟು ಕೇಳೋಣ ಮೀಟಿಂಗಲ್ಲಿ."

"ಕೇಳು, ಕೇಳು. ಅವರಪ್ಪನ ಗಂಟೇನು ಹೋಗಲ್ಲವಲ್ಲ, ಕೊಡ್ತಾರೆ."

"ನೀನೂ ಬಾ."

"ನಾನು ಬಂದ್ರೆ ಮೊದಲನೇ ಮಾತಿಗೇ ಬೋಳಿಮಕ್ಕಳಾ ಅಂತೀನಿ. ನಿಂದು ತಣ್ಣನೆ ನಾಲಿಗೆ, ನೀನೇ ಹೋಗು." ಅತ್ತೆ ಸತ್ತ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಮಡಿಲಿಗಿಟ್ಟುಕೊಂಡಳು. "ಆದ್ರೆ ಒಂದು ನೆನಪಿಟ್ಕೋ. ದೊಡ್ಡೋರ ಮುಂದೆ ಗಂಟು ಹೊತ್ಕೊಂಡು ವಾಲಾಡಬೇಡ, ಹಿಡಿದ ಕೈ ಬದಲಾಯಿಸಬೇಡ. ಗುತ್ತಿಗೆದಾರಂಗೆ ಅಲ್ಲೆಲ್ಲ ಕಿವಿ ಇದಾವೆ."

ಇದನ್ನು ಹೇಳಿಕೊಡಬೇಕಾಗಿಯೇ ಇರಲಿಲ್ಲ. ಭಾರ ಎಂದು ಬಾಯಿಬಿಟ್ಟವಳಿಗೆ ಮಾರನೆಯ ದಿನ ಗಂಟಿಲ್ಲ. ಮೊದಲ ದಿನ ಗಂಟಿನಡಿಗೆ ತಲೆಗೆ ಸಿಂಬಿ ಸುತ್ತುವುದನ್ನು ಕಲಿಸುವಾಗಲೇ ಇದನ್ನೂ ಕಲಿಸುತ್ತಿದ್ದರು. ಜ್ವರವಿರಲಿ, ಬಸುರಿರಲಿ, ಗುತ್ತಿಗೆದಾರ "ಹೆಂಗಿದೆ?" ಎಂದರೆ "ಹಗುರ" ಎನ್ನಬೇಕು. ನರಸತ್ತ ಕೈಯ ಅತ್ತೆ ಆ ಬೆಳಿಗ್ಗೆಯೂ "ಹಗುರ" ಎಂದೇ ಗಂಟು ಪಡೆದಿದ್ದಳು.

*

ಮೀಟಿಂಗಿನ ದಿನ ಸೊಸೆ ಆಸ್ಪತ್ರೆಯಿಂದ ಕೊಳೆಗಂಟು ಹೊತ್ತುಕೊಂಡೇ ಪುರಸಭೆಗೆ ಹೋದಳು. ಗಂಟು ಬಿಟ್ಟು ಹೋಗಲು ಯಾರೂ ಜಾಗ ಕೊಟ್ಟಿರಲಿಲ್ಲ. ಬಾಗಿಲಲ್ಲಿ ಜವಾನ ಮೂಗಿಗೆ ಕರ್ಚೀಪು ಹಿಡಿದ.

"ಅದನ್ನ ಇಳಿಸ್ಬೇಡಮ್ಮ ಇಲ್ಲಿ. ಈಗ ತಾನೇ ನೆಲ ಒರೆಸಿದೆ."

"ಹೊರಗಡೆ ಇಡ್ಲಾ?"

"ನಾಯಿ ಎಳ್ಕೊಂಡು ಹೋದ್ರೆ ನನ್ನ ಕೇಳಬೇಡ. ತಲೆ ಮೇಲೇ ಇರ್ಲಿ. ನಿಮಗೇನು, ಅಭ್ಯಾಸ."

ಒಳಗೆ ಉದ್ದನೆಯ ಮೇಜು, ಅದರ ಮೇಲೆ ಬಿಳಿಯ ಹಾಸು. ಅಧ್ಯಕ್ಷರು ನಡುವಿನ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತಿದ್ದರು. ಆಚೀಚೆ ಸದಸ್ಯರು, ಎಲ್ಲರ ಮುಂದೆ ಬಿಸ್ಕತ್ತಿನ ತಟ್ಟೆ. ಬೈಸಿಕಲ್ಲಿಗೆ ಪೂರ್ತಿ ಟಿಕೇಟೋ ಅರ್ಧವೋ ಎಂಬ ಮಾತು ನಡೆದಿತ್ತು. ಚಾ ಬಂದು ಹೋದರೂ ಮುಗಿಯಲಿಲ್ಲ. ಆಮೇಲೆ ಹಾಲಿನ ಕ್ಯಾನು. ಅದಾದ ಮೇಲೆ ಒಬ್ಬ ಸದಸ್ಯರು ಸಾಕುನಾಯಿಯ ವಿಷಯ ಎತ್ತಿದರು. ಮಡಿಲಲ್ಲಿ ಕೂತ ನಾಯಿ ಯಾರ ಜಾಗವನ್ನೂ ತಿನ್ನುವುದಿಲ್ಲ, ಅದಕ್ಕೆ ದರ ಬೇಡ ಎಂದರು. ಎಲ್ಲರೂ ತಕ್ಷಣ ಒಪ್ಪಿದರು. ಅವರ ಮನೆಯಲ್ಲಿ ನಾಯಿ ಇರುವುದು ಎಲ್ಲರಿಗೂ ಗೊತ್ತಿತ್ತು.

ಸೊಸೆ ಗೋಡೆಗೆ ಒರಗದೆ ನಿಂತಿದ್ದಳು. ಗಂಟಿನೊಳಗಿನ ಒದ್ದೆ ಹಾಸಿಗೆಬಟ್ಟೆಗಳು ಒಂದೇ ಕಡೆಗೆ ಜಗ್ಗತೊಡಗಿದ್ದವು. ಕತ್ತಿನಿಂದ ಹೊರಟ ನೋವು ಹೆಗಲಿಗಿಳಿದು ಮೊಣಕೈಯಲ್ಲಿ ಜುಮುಗುಟ್ಟುತ್ತಿತ್ತು. ಅತ್ತೆಗೂ ಶುರುವಾದದ್ದು ಹೀಗೆಯೇ ಇರಬೇಕು ಎಂದುಕೊಂಡಳು. ಕೈ ಬದಲಾಯಿಸಲಿಲ್ಲ.

"ಅಲ್ಲಿ ಯಾರದು? ಏನಮ್ಮ ನಿಂದು?" ಎಂದರು ಅಧ್ಯಕ್ಷರು.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಅವಳು ಹೇಳಿದಳು. "ಸ್ವಾಮಿ, ನಾವು ಬಿಟ್ಟಿ ಕೇಳ್ತಿಲ್ಲ. ಗಂಟಿಗೆ ನಮ್ಮ ಕೈಲಾಗೋ ಹಾಗೆ ಒಂದು ದರ ಹಾಕಿ. ಲಾಂಚಲ್ಲಿ ನೆಲಕ್ಕೆ ಇಳಿಸೋಕೆ ಬಿಡಿ. ಹೊಳೆ ದಾಟೋವರೆಗೂ ಹೊತ್ಕೊಂಡೇ ನಿಲ್ಲೋಕಾಗಲ್ಲ. ನಮ್ಮತ್ತೆ ಕೈ ಸತ್ತೋಗಿದೆ."

"ನಿಲ್ಲೋಕಾಗಲ್ವಾ?" ಅಧ್ಯಕ್ಷರು ಮುಂದಕ್ಕೆ ಬಾಗಿದರು. ಮುಖದಲ್ಲಿ ನಗು ಮೂಡಿತು. "ನೀನು ಬಂದು ಎಷ್ಟೊತ್ತಾಯ್ತು?"

"ಬೈಸಿಕಲ್ ಮಾತು ನಡೀತಿತ್ತು ಸ್ವಾಮಿ."

"ಆಗಿಂದ ಇಳಿಸಿದ್ಯಾ?"

"ಇಳಿಸ್ಬೇಡ ಅಂದ್ರು..."

"ಇಳಿಸಿದ್ಯೋ ಇಲ್ವೋ, ಅಷ್ಟು ಹೇಳು."

"ಇಲ್ಲ ಸ್ವಾಮಿ."

"ಹಾಲು ಕುಡಿದಷ್ಟು ಆರಾಮಾಗಿ ನಿಂತಿದೀಯ. ಹೆಂಗಿದೆ, ಭಾರ ಇದೆಯಾ?"

ಅವಳು ಯೋಚಿಸಲಿಲ್ಲ. ಯೋಚಿಸುವ ಮೊದಲೇ ನಾಲಿಗೆ ಹೊರಳಿತ್ತು.

"ಇಲ್ಲ ಸ್ವಾಮಿ. ಹಗುರ."

ಮೇಜಿನ ಸುತ್ತ ನಗೆ ಎದ್ದಿತು. ಸೊಸೆಗೆ ತಾನು ಏನೆಂದೆ ಎನ್ನುವುದು ಆ ನಗುವಿನಿಂದಲೇ ತಿಳಿಯಿತು. "ಹಂಗಲ್ಲ ಸ್ವಾಮಿ, ಅದು ನಾವು ಹಂಗೆ ಹೇಳೋದು..." ಎಂದು ಶುರುಮಾಡಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

"ಬರ್ಕೊಳ್ರಿ," ಎಂದರು ಅಧ್ಯಕ್ಷರು ಗುಮಾಸ್ತನಿಗೆ. "ತಲೆಹೊರೆಯಿಂದ ಹೊರುವವರಿಗೆ ತೊಂದರೆ ಇಲ್ಲ, ಅವರೇ ಬಂದು ಹೇಳಿದಾರೆ. ಇಷ್ಟು ದಿನ ಬಿಟ್ಟಿದ್ದೇ ತಪ್ಪು. ಇನ್ನು ತಲೆ ಮೇಲಿನ ಗಂಟಿಗೂ ಒಂದು ಟಿಕೇಟು. ಮತ್ತೆ ಆಸ್ಪತ್ರೆ ಕೊಳೆ ನೋಡಿ, ಜನ ಓಡಾಡೋ ನೆಲದ ಮೇಲೆ ಇಡಕೂಡದು. ಆರೋಗ್ಯದ ಪ್ರಶ್ನೆ."

"ಹಂಗಾದ್ರೆ ದುಡ್ಡೂ ಕೊಟ್ಟು, ಹೊತ್ಕೊಂಡೂ ನಿಲ್ಬೇಕಾ?" ಅವಳ ದನಿ ಏರಿತು.

"ಹಗುರ ಅಂದ್ಯಲ್ಲಮ್ಮ," ಎಂದು ನಾಯಿಯ ಸದಸ್ಯರು ಬಿಸ್ಕತ್ತು ಮುರಿದರು.

*

ಸುದ್ದಿ ಕೇಳಿದ ಅತ್ತೆ ಒಲೆಗೆ ಸೌದೆ ನೂಕಿದಳು. ಸೊಸೆ ಬೈಗುಳಕ್ಕೆ ಕಾದು ಕೂತಿದ್ದಳು.

"ಅಲ್ಲೇ ಬಿದ್ದು ಪ್ರಾಣ ಬಿಟ್ಟಿದ್ರೂ ಚೆನ್ನಾಗಿತ್ತಲ್ಲೇ ದರಿದ್ರದೋಳೆ," ಎಂದಳು ಅತ್ತೆ. "ಅವರ ಮೇಜಿನ ಮೇಲೇ ಬೀಳಬಾರದಿತ್ತಾ?"

"ನಾಲಿಗೆ ಅದಾಗೇ ಹೇಳಿಬಿಡ್ತು ಅತ್ತೆ."

"ನಾಲಿಗೆಗೆ ಕಲಿಸಿದೋಳು ನಾನಲ್ವಾ." ಅತ್ತೆ ಮುಖ ತಿರುಗಿಸಿದಳು. "ಎದ್ದೇಳು. ನೀರು ಕುದೀತಿದೆ."

*

ಹೊಸ ದರ ಶುರುವಾದ ದಿನ ಅಧ್ಯಕ್ಷರೇ ಲಾಂಚು ಹತ್ತಿದರು. ಜನ ಹೇಗೆ ಒಪ್ಪಿಕೊಂಡಿದ್ದಾರೆಂದು ಕಣ್ಣಾರೆ ನೋಡಬೇಕಂತೆ. ಮುಂಭಾಗದ ಮೆತ್ತೆಯ ಬೆಂಚುಗಳಲ್ಲಿ ಒಂದರ ಮೇಲೆ ಕೂತು, ಪಕ್ಕದ ಜಾಗದಲ್ಲಿ ತಮ್ಮ ಚರ್ಮದ ಚೀಲವನ್ನು ಇಟ್ಟುಕೊಂಡರು. ಟಿಕೇಟಿನವನು ಇಸ್ತ್ರಿಯ ಅಂಗಿ ಹಾಕಿದ್ದ.

ಏಳು ಹೆಂಗಸರು ಕೊಳೆಗಂಟು ಹೊತ್ತು ಹಲಗೆ ದಾಟಿ ಬಂದರು. ಟಿಕೇಟಿನವನು ಒಬ್ಬೊಬ್ಬಳಿಗೂ ಎರಡೆರಡು ಹರಿದುಕೊಟ್ಟ. ಸೊಸೆ ತನ್ನ ಎರಡನ್ನೂ ಕಣ್ಣ ಹತ್ತಿರ ಹಿಡಿದು ನೋಡಿದಳು. ಒಂದೇ ಬಣ್ಣ, ಒಂದೇ ಅಳತೆ.

"ಇದು ಯಾರದು?"

"ನಿಂದು."

"ಇದು?"

"ಗಂಟಿಂದು. ಎಷ್ಟು ಸಲ ಹೇಳ್ಬೇಕು? ನಡಿ ಹಿಂದೆ."

ಲಾಂಚು ದಡ ಬಿಟ್ಟಿತು. ನಡುಹೊಳೆಯ ಸೆಳೆತ ಶುರುವಾಗಿ ಹಲಗೆಗಳು ನರಳಿದವು. ಎಂಜಿನ್ನಿನ ಪಕ್ಕ ನಿಂತಿದ್ದ ಅತ್ತೆಯ ಗಂಟು ಒಮ್ಮೆ ಕಂಬದತ್ತ ವಾಲಿದ್ದನ್ನು ಸೊಸೆ ನೋಡಿದಳು. ಟಿಕೇಟಿನವನೂ ನೋಡಿದ. ನೋಡಿ, ಕಂಬದ ಕಡೆ ಕಣ್ಣು ನೆಟ್ಟ.

ಸೊಸೆ ಹೊರಟಳು. ಬೆಂಚುಗಳ ನಡುವಿನ ದಾರಿಯಲ್ಲಿ ನೇರ ಮುಂದಕ್ಕೆ ನಡೆದು, ಅಧ್ಯಕ್ಷರ ಎದುರಿನ ಖಾಲಿ ಬೆಂಚಿನ ಹತ್ತಿರ ನಿಂತು, ಎರಡೂ ಕೈಯಿಂದ ಗಂಟನ್ನು ಇಳಿಸಿ ಮೆತ್ತೆಯ ಮೇಲೆ ಕೂರಿಸಿದಳು. ಒದ್ದೆಯ ಕಲೆ ಮೆತ್ತೆಗೆ ಇಳಿಯಿತು. ಗಂಟಿನ ಬಾಯಿ ಸಡಿಲಾಗಿ, ರಕ್ತ ಒಣಗಿ ಕಪ್ಪಾದ ಬಟ್ಟೆಯ ಅಂಚೊಂದು ಹೊರಗೆ ಇಣುಕಿತು.

"ಏಯ್! ಏಯ್ ಲೌಡಿ, ಎತ್ತು ಅದನ್ನ!" ಟಿಕೇಟಿನವನು ಓಡಿ ಬಂದ.

"ಯಾಕೆ? ಟಿಕೇಟಿದೆ."

"ಗಂಟು ಇಡಕೂಡದು ಅಂತ ರೂಲ್ಸಿದೆ!"

"ನೆಲದ ಮೇಲೆ ಇಡಕೂಡದು ಅಂದ್ರು. ನಾನಲ್ಲೇ ಇದ್ದೆ, ಕೇಳಿಸ್ಕೊಂಡಿದೀನಿ. ಬೆಂಚಿನ ಮೇಲೆ ಬೇಡ ಅಂದ್ರಾ? ಕೇಳು, ಇಲ್ಲೇ ಕೂತಿದಾರಲ್ಲ."

ಅಧ್ಯಕ್ಷರು ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡಿದ್ದರು. ಅಷ್ಟರಲ್ಲಿ ಗಿಡ್ಡಿ ಬಂದಳು. ಅಧ್ಯಕ್ಷರ ಚರ್ಮದ ಚೀಲವನ್ನು ಬೆರಳಿಂದ ತೋರಿಸಿ, "ಸ್ವಾಮಿ, ಇದಕ್ಕೆ ಟಿಕೇಟು ತಗೊಂಡಿದೀರಾ? ಇಲ್ಲಾಂದ್ರೆ ಸ್ವಲ್ಪ ಸರಿಸಿ, ನನ್ನ ಗಂಟು ಕೂತ್ಕೋತದೆ," ಎಂದಳು. ಅವರು ಚೀಲ ಎತ್ತಿಕೊಂಡು ಎದ್ದೇಬಿಟ್ಟರು. ಗಿಡ್ಡಿಯ ಗಂಟು ಅವರ ಜಾಗದಲ್ಲಿ ಕೂತಿತು. ಉಳಿದ ನಾಲ್ವರೂ ಒಬ್ಬರ ಹಿಂದೆ ಒಬ್ಬರು ಬಂದು ಬೆಂಚುಗಳ ಮೇಲೆ ಗಂಟು ಇಳಿಸಿದರು. ಎಲ್ಲರಿಗಿಂತ ಕೊನೆಗೆ ಅತ್ತೆ. ಅವಳ ಗಂಟನ್ನು ಸೊಸೆಯೇ ಹಿಡಿದು ಇಳಿಸಿದಳು.

"ಎತ್ತಿ ಎಸಿಯೋ ಅದನ್ನ!" ಎಂದು ಅಧ್ಯಕ್ಷರು ಟಿಕೇಟಿನವನಿಗೆ ಕೂಗಿದರು.

ಟಿಕೇಟಿನವನು ಕೈ ಚಾಚಿದ. ಇಣುಕುತ್ತಿದ್ದ ಕಪ್ಪು ಅಂಚನ್ನು ನೋಡಿದ. ಕೈ ಹಿಂದಕ್ಕೆ ಬಂತು. ಅಂಗಿಗೆ ಕೈ ಒರೆಸಿಕೊಂಡ, ಮುಟ್ಟಿಯೇ ಇರಲಿಲ್ಲವಾದರೂ.

"ನೀವೇ ಎತ್ರಿ ಸ್ವಾಮಿ," ಎಂದಳು ಅತ್ತೆ. "ಹಗುರ ಇದೆ."

ಯಾರೂ ಮುಂದೆ ಬರಲಿಲ್ಲ. ಬೆಂಚುಗಳಲ್ಲಿ ಕೂತಿದ್ದವರು ಮೂಗು ಮುಚ್ಚಿಕೊಂಡು, ಮಕ್ಕಳನ್ನು ಎಳೆದುಕೊಂಡು ಹಿಂದಕ್ಕೆ ಸರಿದರು. ಅಧ್ಯಕ್ಷರೂ ಸರಿದರು. ಎಂಜಿನ್ನಿನ ಬಿಸಿಯ ಪಕ್ಕ, ಕಂಬಗಳಿಗೆ ಜೋತುಬಿದ್ದು, ಇಸ್ತ್ರಿಬಟ್ಟೆಯವರು ಒತ್ತೊತ್ತಾಗಿ ನಿಂತರು. ಲಾಂಚಿನ ಹಿಂಬದಿ ನೀರಿಗೆ ಜಗ್ಗಿತು. ಚಾಲಕ ತಿರುಗಿ ನೋಡಿ ಕಿರುಚಿದ. "ಎಲ್ಲಾ ಒಂದೇ ಕಡೆ ಸೇರಿದ್ರೆ ಮುಳುಗ್ತೀವಿ ಮುಂಡೇವಾ! ಮುಂದಕ್ಕೆ ಹೋಗ್ರಿ!"

ಮುಂದೆ ಗಂಟುಗಳು ಕೂತಿದ್ದವು. ಯಾರೂ ಹೋಗಲಿಲ್ಲ. ಚಾಲಕ ಎಂಜಿನ್ ಆರಿಸಿದ.

ಸದ್ದು ನಿಂತ ಮೇಲೆ ನೀರಿನ ಸೆಳೆತ ಕೇಳಿಸತೊಡಗಿತು. ಲಾಂಚು ನಿಧಾನವಾಗಿ ಅಡ್ಡ ತಿರುಗಿ ಹೊಳೆಯ ಜೊತೆ ಕೆಳಕ್ಕೆ ಹರಿಯಿತು.

"ನಾಳೆಯಿಂದ ನಿಮ್ಮಲ್ಲಿ ಒಬ್ಬಳಿಗೂ ಗಂಟು ಸಿಗಲ್ಲ. ಗೊತ್ತಿದೆಯಾ?" ಅಧ್ಯಕ್ಷರ ದನಿ ಹಿಂದಿನಿಂದ, ಜನರ ಹೆಗಲುಗಳ ಸಂದಿಯಿಂದ ಬಂತು.

"ಗೊತ್ತಿದೆ," ಎಂದಳು ಸೊಸೆ. ಎಂದವಳೇ ತನ್ನ ಟಿಕೇಟಿನ ಜಾಗದಲ್ಲಿ, ಗಂಟಿನ ಪಕ್ಕ, ಕೂತಳು. ಬೆಂಚು ಇಷ್ಟು ಮೆತ್ತಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತೋಚದೆ ಮಂಡಿಯ ಮೇಲೆ ಇಟ್ಟುಕೊಂಡಳು.

ಎದುರಿಗೆ ಅತ್ತೆ ಕೂತಿದ್ದಳು. ಅವಳ ತಲೆಯ ಮೇಲೆ ಏನೂ ಇರಲಿಲ್ಲ. ಆದರೂ ಲಾಂಚು ಹೊರಳಿದಾಗಲೆಲ್ಲ ಅವಳ ಕತ್ತು ಬಿಗಿದು, ಇಲ್ಲದ ಗಂಟೊಂದನ್ನು ಬೀಳದಂತೆ ಹಿಡಿದು ನಿಲ್ಲಿಸುತ್ತಿತ್ತು.