ಫಲಕದ ಮೇಲೆ ಇಂಜಿನಿಯರ್ ವೆನೆರಾ

"ಇಂಜಿನಿಯರ್ ಅನ್ನೋದು ದಪ್ಪಗಿರಲಿ ಪಿನಾ, ಹೆಸರು ಸಣ್ಣದಾದ್ರೂ ನಡೀತದೆ. ಬೀದಿ ಆ ಕಡೆ ನಿಂತವನಿಗೂ ಕಾಣ್ಬೇಕು."

ಈಸ್ಟರ್ ಮುಗಿದ ವಾರ ದೋನ್ ಮೌರೊ ನನ್ನ ಅಂಗಡಿಗೆ ಬಂದು ಹೀಗೆ ಹೇಳಿದಾಗ ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಮುಖದಲ್ಲೇ ಎಲ್ಲ ಗೊತ್ತಾಗಿಬಿಡುತ್ತಿತ್ತು.

ನನ್ನದು ಬೆಂಕಿ ಉಗುಳುವ ಬೆಟ್ಟದ ಬುಡದ ಆಚಿರೆಯಾಲೆ ಊರಿನ ದೊಡ್ಡ ಇಗರ್ಜಿಯ ಹಿಂದಿನ ಬೀದಿಯಲ್ಲಿ ಕೆತ್ತನೆಯ ಅಂಗಡಿ. ಬಾಗಿಲ ಫಲಕ, ಗೆದ್ದವರ ಬಟ್ಟಲು, ನಾಯಿ ಕೊರಳ ಬಿಲ್ಲೆ, ಸತ್ತವರ ಹೆಸರು, ಎಲ್ಲ ಕೆತ್ತುತ್ತೇನೆ. ಕೆತ್ತುವ ಯಂತ್ರ ಗಂಡ ಬಿಟ್ಟುಹೋದದ್ದು. ಯಾರೂ ಕಲಿಸಲಿಲ್ಲ, ಒಂದು ರಾಶಿ ಹಿತ್ತಾಳೆ ಹಾಳು ಮಾಡಿ ನಾನೇ ಕಲಿತೆ. ನಮ್ಮಲ್ಲಿ ಬಾಗಿಲಿಗೆ ಹೆಸರು ಹಾಕಿದರೆ ಸಾಲದು, ಹೆಸರಿನ ಮುಂದೆ ಏನಾದರೂ ಬೇಕು. ವಕೀಲ, ಲೆಕ್ಕಿಗ, ಇಂಜಿನಿಯರ್. ಮೀನು ಕೊಳ್ಳುವಾಗಲೂ ಹಾಗೇ ಕರೆಯುತ್ತಾರೆ: "ಇಂಜಿನಿಯರೇ, ಇವತ್ತು ಬೂತಾಯಿ ಚೆನ್ನಾಗಿದೆ ನೋಡಿ." ಹಿರಿಯರೆಂಬ ಮರ್ಯಾದೆಗೆ ನಾವು ದೋನ್ ಅಂತ ಕರೆಯುವ ಮೌರೊ ಗಾರೆ ಮೇಸ್ತ್ರಿಯಾಗಿದ್ದವರು. ಜೀವಮಾನವಿಡೀ ಇನ್ನೊಬ್ಬರಿಗೆ "ಆಯ್ತು ಇಂಜಿನಿಯರೇ, ಹಾಗೇ ಆಗ್ಲಿ ಇಂಜಿನಿಯರೇ" ಅಂತ ಅಂದವರು. ಈಗ ತಮ್ಮ ಮನೆ ಬಾಗಿಲಲ್ಲೇ ಆ ಪದ ಹೊಳೆಯಬೇಕು ಅನ್ನೋದು ಅವರ ಆಸೆ. ಮೊಮ್ಮಗಳು ವೆನೆರಾ ಕತಾನಿಯಾ ನಗರದಲ್ಲಿ ಓದುತ್ತಿದ್ದಳು, ಜುಲೈನಲ್ಲಿ ಪದವಿ. ಮಗು ತೊಟ್ಟಿಲಿಗೆ ಬರುವ ಮುಂಚೆ ಕುಲಾವಿ ಹೊಲಿಸಬಾರದು ಅಂತಾರೆ, ಆದರೆ ನಮ್ಮ ಊರಿನವರು ಫಲಕ ಮಾತ್ರ ಮೊದಲೇ ಕೆತ್ತಿಸಿಡುತ್ತಾರೆ.

ತೊಂದರೆ ಒಂದೇ. ವೆನೆರಾ ಮೊದಲ ವರ್ಷ ಮುಗಿದ ಕೂಡಲೇ ಇಂಜಿನಿಯರಿಂಗ್ ಬಿಟ್ಟು ಭೌತಶಾಸ್ತ್ರಕ್ಕೆ ಸೇರಿದ್ದಳು. ಅವಳ ಅಮ್ಮನಿಗೆ ಗೊತ್ತಿತ್ತು. ನನಗೆ ಗೊತ್ತಿತ್ತು. ಪಕ್ಕದ ಅಂಗಡಿಯ ಕ್ಷೌರಿಕ ಸಾರೊಗೆ ಗೊತ್ತಿತ್ತು ಅಂದಮೇಲೆ ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದವರು ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಅಜ್ಜ ಒಬ್ಬರೇ.

ಪದವಿಯ ಹಿಂದಿನ ದಿನ ಬೆಳಿಗ್ಗೆ ಅವಳು ಅಂಗಡಿಗೆ ಓಡಿ ಬಂದಳು.

"ಪಿನತ್ತೆ, ಅಜ್ಜ ಫಲಕ ಮಾಡಿಸಿದಾರಂತೆ, ಹೌದಾ?"

ಮೇಜಿನ ಮೇಲಿದ್ದದ್ದನ್ನು ತೋರಿಸಿದೆ. ಅವಳು ಓದಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಎಷ್ಟು ದಪ್ಪ ಅಕ್ಷರ!"

"ನಿನ್ನಜ್ಜ ಇನ್ನೂ ದಪ್ಪ ಕೇಳಿದ್ರು. ಹಿತ್ತಾಳೆ ಮುಗೀತು ಅಂತ ಸುಳ್ಳು ಹೇಳಿದೆ."

"ಇವತ್ತೇ ಹೇಳ್ಬೇಕು ಅತ್ತೆ. ನಾಳೆ ಅಲ್ಲಿ ನನ್ನ ಹೆಸರು ಕೂಗ್ತಾರೆ, ವಿಷಯಾನೂ ಕೂಗ್ತಾರೆ. ಮಂದಿ ಮುಂದೆ ಅವ್ರಿಗೆ ಹಾಗೆ ಗೊತ್ತಾಗ್ಬಾರ್ದು. ಅವ್ರು ಎದ್ದು ಹೋಗ್ಬಿಟ್ರೆ ನನಗೆ ಆ ಪದವಿ ಯಾಕೆ ಬೇಕು?"

"ಹೇಳು ಮತ್ತೆ. ಈಗ್ಲೇ ಹೇಳು," ಅಂದೆ. ಯಾಕಂದರೆ ದೋನ್ ಮೌರೊ ಬಾಗಿಲಲ್ಲೇ ನಿಂತಿದ್ದರು. ನಾಳೆಯ ಹೊಸ ಬೂಟನ್ನು ಇವತ್ತೇ ಹಾಕಿಕೊಂಡು ರೂಢಿ ಮಾಡಿಕೊಳ್ಳುತ್ತಿದ್ದರು, ಪಾಪ.

"ಓಹೋ, ಬಾರಮ್ಮ ಇಂಜಿನಿಯರೇ! ಕದ್ದು ನೋಡೋಕೆ ಬಂದ್ಯಾ?"

ವೆನೆರಾ ಅವರ ಕೈ ಹಿಡಿದುಕೊಂಡಳು. ಸುತ್ತು ಬಳಸಿ ಮಾತಾಡುವ ಹುಡುಗಿಯಲ್ಲ ಅದು. "ಅಜ್ಜ, ನಾನು ಇಂಜಿನಿಯರ್ ಅಲ್ಲ. ಬಿಟ್ಟು ಬಹಳ ದಿನ ಆಯ್ತು. ನಾಳೆ ಸಿಗೋದು ಭೌತಶಾಸ್ತ್ರದ ಪದವಿ."

ದೋನ್ ಮೌರೊ ಫಲಕ ನೋಡಿದರು, ಅವಳನ್ನು ನೋಡಿದರು, ಮತ್ತೆ ಫಲಕ ನೋಡಿದರು. ನಾನು ಅವರ ಕಡೆ ಕುರ್ಚಿ ತಳ್ಳಿದೆ. ಅವರು ಕೂರಲಿಲ್ಲ.

"ಪಾಸಂತೂ ಆಗಿದೀಯಾ?"

"ಆಗಿದೀನಿ. ಒಳ್ಳೇ ಅಂಕ ಬಂದಿದೆ."

"ಅದನ್ನ ಓದಿದೋರು ಏನು ಮಾಡ್ತಾರೆ? ಶಾಲೇಲಿ ಮಕ್ಕಳ ಕಿವಿ ಹಿಂಡ್ತಾರೆ, ಅಷ್ಟೇ ತಾನೆ?"

"ಅದನ್ನೂ ಮಾಡ್ತಾರೆ. ಕಿವಿ ಹಿಂಡೋದು ಬಿಟ್ಟು. ನನ್ನ ಜೊತೆ ಓದಿದ ಲುಚಿಲ್ಲಾ ಗೊತ್ತಲ್ಲ ಅಜ್ಜ, ನಮ್ಮನೇಲಿ ಬದನೆಕಾಯಿ ಪಾಸ್ತಾ ಮತ್ತೆ ಮತ್ತೆ ಹಾಕಿಸ್ಕೊಂಡ್ಳು..."

"ತಿನ್ನೋ ಹುಡುಗಿ. ಚೆನ್ನಾಗಿ ನೆನಪಿದೆ."

"ಅವಳು ಇನ್ನಷ್ಟು ಓದಿ ಆಸ್ಪತ್ರೆ ಸೇರ್ತಾಳೆ. ಗೆಡ್ಡೆಗೆ ಕಿರಣ ಬಿಡ್ತಾರಲ್ಲ, ಎಷ್ಟು ಬಿಡ್ಬೇಕು, ಯಾವ ಮಗ್ಗುಲಿಂದ ಬಿಡ್ಬೇಕು ಅನ್ನೋ ಲೆಕ್ಕ ಹಾಕೋದು ಅವಳಂಥೋರೇ. ಆ ಲೆಕ್ಕ ಇಲ್ದೆ ಡಾಕ್ಟರು ಮುಂದುವರಿಯೋ ಹಾಗಿಲ್ಲ."

"ಡಾಕ್ಟರು ಆ ಹುಡುಗೀನ ಕೇಳ್ಬೇಕಾ?" ದೋನ್ ಮೌರೊ ಮುಖಕ್ಕೆ ಸ್ವಲ್ಪ ಕಳೆ ಬಂತು.

ಅಷ್ಟು ಹೊತ್ತಿಗೆ ಸಾರೊ ತಲೆ ಒಳಗೆ ಹಾಕಿದ. ಅವನ ಅಂಗಡಿಗೂ ನನ್ನದಕ್ಕೂ ಮಧ್ಯೆ ಇರುವ ಗೋಡೆ ಇದ್ದೂ ಇಲ್ಲದಷ್ಟು ತೆಳು. ಕೈಯಲ್ಲಿ ನೊರೆ ಹತ್ತಿದ ಬ್ರಶ್ಶು.

"ನಿನ್ನ ಜೊತೆ ಓದಿದ ಆ ಇನ್ನೊಬ್ಬ ಹುಡುಗ, ಹಳೇ ಚಿತ್ರಗಳ ಒಳಗೆ ಬೆಳಕು ಬಿಟ್ಟು ಅಡೀಲಿ ಇನ್ನೊಂದು ಚಿತ್ರ ಇದೆಯಾ ಅಂತ ನೋಡ್ತಾನಲ್ಲ, ಅವನ ವಿಷಯ ಹೇಳು ವೆನೆರಾ! ಸಂತರ ಗಡ್ಡದ ಕೆಳಗೆ ಯಾರೋ ಹೆಂಗಸಿನ ಮುಖ ಸಿಕ್ತಂತೆ ದೋನ್ ಮೌರೊ. ನಾನು ಅವತ್ತಿಂದ ಗಿರಾಕಿಗಳ ಗಡ್ಡ ಬೋಳಿಸೋಕೆ ಹೆದರ್ತಾ ಇದೀನಿ!"

ಯಾರೂ ನಗಲಿಲ್ಲ. ದೋನ್ ಮೌರೊ ನಿಧಾನವಾಗಿ ಅವನ ಕಡೆ ತಿರುಗಿದರು.

"ನಿನಗೆ ಹೇಗೆ ಗೊತ್ತೋ ಇದೆಲ್ಲ?"

ಸಾರೊ ಬ್ರಶ್ಶಿನ ಕಡೆ ನೋಡಿಕೊಂಡ.

"ಪಿನಾ, ನಿನಗೂ ಗೊತ್ತಿತ್ತಾ?"

"ಗೊತ್ತಿತ್ತು," ಅಂದೆ. ಇನ್ನೇನು ಹೇಳಲಿ?

ಆಗ ಅವರು ಕೂತರು. ಹೊಸ ಬೂಟಿನ ದಾರ ಬಿಚ್ಚತೊಡಗಿದರು, ಅದು ಕಚ್ಚುತ್ತಿದೆ ಅನ್ನುವ ಹಾಗೆ. "ಓದಿದ್ದು ಏನಾದ್ರೂ ಆಗ್ಲಿ. ಕ್ಷೌರದಂಗಡಿಗೆ ಹೇಳಿದೆ, ನನಗೆ ಹೇಳ್ಲಿಲ್ಲ. ನೀವೆಲ್ಲ ಸೇರಿ ನನ್ನನ್ನ ಬೆಪ್ಪು ಮಾಡಿದ್ರಿ. ನಾಳೆ ನಾ ಬರಲ್ಲ. ಹೋಗಿ ಬನ್ನಿ."

"ಹೇಳ್ಬೇಕು ಅಂತ ಎಷ್ಟು ಸಲ ಬಂದೆ ಅಜ್ಜ. ಬಾಗಿಲು ತೆಗೀತಿದ್ದ ಹಾಗೇ ನೀನು 'ಬಾರಮ್ಮ ಇಂಜಿನಿಯರೇ' ಅಂತಿದ್ದೆ. ಅಷ್ಟು ಖುಷಿಯಾಗಿ ಅಂತಿದ್ದೆ. ಆಮೇಲೆ ಬಾಯೇ ಬರ್ತಿರ್ಲಿಲ್ಲ."

ಅವರು ಇನ್ನೊಂದು ಬೂಟಿನ ದಾರಕ್ಕೆ ಕೈ ಹಾಕಿದರು. ಹೊರಗೆ ಯಾರೋ ಬೆಟ್ಟ ಉಗುಳಿ ಮಾಳಿಗೆಯ ಮೇಲೆ ಬಿದ್ದ ಕಪ್ಪು ಬೂದಿ ಗುಡಿಸುತ್ತಿದ್ದರು, ಅದರ ಕರಕರ ಸದ್ದು ಒಳಗೂ ಬರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಸುಮ್ಮನಿರುವುದು ನನ್ನ ಜಾತಕದಲ್ಲೇ ಬರೆದಿಲ್ಲ.

"ದೋನ್ ಮೌರೊ, ಒಂದು ಮಾತು ಕೇಳ್ತೀನಿ, ಬೈಬೇಡಿ. ಒಬ್ಬನೇ ಒಬ್ಬ ಇಂಜಿನಿಯರ್ ಬಗ್ಗೆ ನಿಮ್ಮ ಬಾಯಲ್ಲಿ ಒಳ್ಳೇ ಮಾತು ನಾನು ಕೇಳಿದ್ದೇ ಇಲ್ಲವಲ್ಲ?"

"ಯಾಕಿಲ್ಲ? ಹೇಳಿರ್ಬೋದು."

"ಯಾರ ಬಗ್ಗೆ?"

ಯೋಚಿಸಿದರು. ಬಹಳ ಯೋಚಿಸಿದರು.

"ನಿಮ್ಮ ಆ ಹಳೇ ನಾಯಿ ಹೆಸರೇನು?" ಅಂತ ಕೇಳಿದೆ.

ಸಾರೊ ಮೊದಲು ಕಿಸಕ್ಕೆಂದ. "ಅಯ್ಯೋ, ಇಂಜಿನಿಯರ್!"

"ಆ ಬಿಲ್ಲೆ ನಾನೇ ಕೆತ್ತಿದ್ದು," ಅಂದೆ. "ನಾಯಿಗೆ ಯಾಕ್ರೀ ಈ ಹೆಸರು ಅಂದ್ರೆ ಏನಂದ್ರಿ, ನೆನಪಿದೆಯಾ?"

ದೋನ್ ಮೌರೊ ಗಂಭೀರವಾಗಿರಲು ಬಹಳ ಕಷ್ಟಪಟ್ಟರು. "ಬೆಳಿಗ್ಗೆಯಿಂದ ಸಂಜೆವರೆಗೆ ನೆರಳಲ್ಲಿ ಬಿದ್ದಿರ್ತಿತ್ತು," ಅಂದರು ಕೊನೆಗೆ. "ಕೆಲಸ ಮಾಡೋರು ಕಣ್ಣಿಗೆ ಬಿದ್ರೆ ಬೊಗಳ್ತಿತ್ತು. ಒಳ್ಳೇ ನಾಯಿ, ಪಾಪ." ಅಷ್ಟು ಹೇಳುವಷ್ಟರಲ್ಲಿ ಅವರಿಗೇ ನಗು ಬಂದುಬಿಟ್ಟಿತು. ವೆನೆರಾ ಅವರ ಪಕ್ಕ ನೆಲದಲ್ಲೇ ಕೂತುಬಿಟ್ಟಳು, ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ.

"ನೀನು ಇಂಜಿನಿಯರ್ ಆಗಿದ್ರೆ," ಅಂದರು ಅವಳ ತಲೆ ಮೇಲೆ ಕೈಯಿಟ್ಟು, "ಯಾವನೋ ಮೇಸ್ತ್ರಿ ತನ್ನ ನಾಯಿಗೆ ವೆನೆರಾ ಅಂತ ಹೆಸರಿಡ್ತಿದ್ದ. ನಾನು ಅವನ ಹಲ್ಲು ಉದುರಿಸ್ಬೇಕಾಗ್ತಿತ್ತು. ಈ ವಯಸ್ಸಲ್ಲಿ."

"ಹಾಗಾದ್ರೆ ಬರ್ತೀಯಾ ಅಜ್ಜ?"

"ತಡಿ. ಆ ಹುಡುಗಿ ಆಸ್ಪತ್ರೆ, ಆ ಹುಡುಗ ಗಡ್ಡ. ನೀನೇನು ಮಾಡ್ತೀಯಾ ಅಂತ ಯಾರೂ ಹೇಳ್ಲಿಲ್ಲ."

"ನಾನು ಬೆಟ್ಟದ ಕೆಲಸಕ್ಕೆ." ಎಟ್ನಾ ಅಂತ ನಮ್ಮಲ್ಲಿ ಯಾರೂ ಅನ್ನುವುದಿಲ್ಲ, ಬೆಟ್ಟ ಅಂದರೆ ಅವಳೊಬ್ಬಳೇ. "ಮೇಲೆ ಕಲ್ಲಿನ ಮಧ್ಯೆ ಮೈಕುಗಳನ್ನ ಇಟ್ಟಿದಾರೆ. ಅವಳು ಉಸಿರಾಡೋ ಸದ್ದು ನಮ್ಮ ಕಿವಿಗೆ ಬೀಳಲ್ಲ, ಅಷ್ಟು ಕೆಳಗಿನ ಸ್ವರ. ಅದನ್ನ ಹಿಡಿದು, ಬೆಟ್ಟದ ತುದಿಯ ಯಾವ ಬಾಯಿಂದ ಬಂತು, ಉಸಿರು ಹೆಚ್ಚಾಯ್ತಾ ಅಂತ ನೋಡೋದು. ಇನ್ನೆರಡು ವರ್ಷ ಅದನ್ನೇ ಓದ್ತಾ ಕಲೀತೀನಿ. ಜಾಗ ಸಿಕ್ಕಿದೆ."

"ಬೆಟ್ಟ ಗುಡುಗೋದನ್ನ ಕೇಳೋಕೆ ಪದವಿ ಬೇಕಾ? ನಿನ್ನಜ್ಜಿ ಸಾರು ಕಲಕ್ತಾ ಕೇಳ್ತಿದ್ಳು."

"ಅದು ಗುಡುಗಿದಾಗ. ಇದು ಅವಳು ಸುಮ್ಮನಿರುವಾಗ."

ಫೋನು ತೆಗೆದಳು. ಮೈಕು ಹಿಡಿದದ್ದನ್ನು ಬಹಳ ವೇಗವಾಗಿ ಓಡಿಸಿದರೆ ನಮ್ಮ ಕಿವಿಗೂ ಕೇಳುತ್ತದಂತೆ. ದೋನ್ ಮೌರೊ ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ನಾವೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದೆವು.

"ಯಾರೋ ಗೊರಕೆ ಹೊಡೀತಿದಾರೆ."

"ಅವಳೇ ಅಜ್ಜ."

"ನಮ್ಮ ಮಾವ ಹಬ್ಬದೂಟ ಆದ್ಮೇಲೆ ಥೇಟ್ ಹೀಗೇ ಹೊಡೀತಿದ್ದ. ಈಗ ನಿಂತ್ಹೋಯ್ತಲ್ಲ?"

"ಮಗ್ಗುಲು ಬದಲಾಯಿಸ್ತಾಳೆ. ಮತ್ತೆ ಬರತ್ತೆ, ಕೇಳು."

ಬಂತು ಅಂತ ಕಾಣುತ್ತದೆ, ಯಾಕಂದರೆ ಅವರ ಹುಬ್ಬು ಮೇಲೇರಿತು. ಮತ್ತೊಮ್ಮೆ ಹಾಕಿಸಿಕೊಂಡರು. ಆಮೇಲೆ ಕಣ್ಣು ತೆರೆದು ನನ್ನನ್ನು ಕೇಳಿದರು, ಗಿರಾಕಿಯ ಗತ್ತಿನಲ್ಲಿ:

"ಪಿನಾ, ಆ ಫಲಕದ ಹಿಂಬದಿ ನುಣ್ಣಗಿದೆಯಾ?"

"ಕನ್ನಡಿ ಹಾಗಿದೆ."

"ಅಲ್ಲಿ ಕೆತ್ತು. ಏನಂತ ಅವಳನ್ನೇ ಕೇಳು. ನನ್ನ ಕೇಳ್ಬೇಡ, ನಾನು ಬೆಟ್ಟದ ಗೊರಕೆ ಅಂತ ಹಾಕಿಸ್ಬಿಡ್ತೀನಿ." ಮತ್ತೆ ಅವಳಿಗೆ: "ನಾಳೆ ಎಷ್ಟು ಹೊತ್ತಿಗೆ?"

"ಹತ್ತು ಗಂಟೆಗೆ ಅಜ್ಜ."

"ಬೇಗ ಹೊರಡ್ಬೇಕು. ಹಿಂದಿನ ಸಾಲಲ್ಲಿ ಕೂರೋಕೆ ನನ್ನಿಂದ ಆಗಲ್ಲ."

ಹಾಗಂದವರು ದಾರ ಬಿಚ್ಚಿದ ಬೂಟಿನಲ್ಲೇ ಎದ್ದು, ಫೋನು ಹಿಡಿದುಕೊಂಡು ಪಕ್ಕದ ಅಂಗಡಿಗೆ ನಡೆದರು. ಅಲ್ಲಿ ಸಾರೊನ ಗಿರಾಕಿ, ಅರ್ಧ ಮುಖ ಬೋಳಿಸಿಕೊಂಡು ಅರ್ಧ ನೊರೆಯಲ್ಲೇ ಉಳಿದವನು, ಇಷ್ಟು ಹೊತ್ತೂ ಕುರ್ಚಿಯಲ್ಲಿ ಕಾಯುತ್ತಿದ್ದ. ದೋನ್ ಮೌರೊ ಫೋನನ್ನು ಅವನ ಕಿವಿಗೆ ಒತ್ತಿದರು, ನೊರೆ ಇದ್ದ ಕಡೆಗೇ.