ಜ್ವರ ಇಲ್ವಲ್ಲಮ್ಮ

ತೀವ್ರ ನಿಗಾ ಘಟಕದ ದೊಡ್ಡ ಡಾಕ್ಟರಿಗೆ ನರ್ಸುಗಳು ಬೆನ್ನ ಹಿಂದೆ ಇಟ್ಟಿದ್ದ ಹೆಸರು 'ಥರ್ಮಾಮೀಟರ್'. ರೋಗಿಯ ಮುಖಕ್ಕಿಂತ ಮೊದಲು ಚಾರ್ಟ್ ನೋಡುವ ಪುಣ್ಯಾತ್ಮರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಪಟ್ಟಿದ್ದರು.

ಕಿಟಕಿ ಪಕ್ಕದ ಹಾಸಿಗೆಯ ದರ್ಜಿಗೆ ಶ್ವಾಸಕೋಶದ ಸೋಂಕು. ಸೋಂಕಿಗಿಂತ ಅದನ್ನು ಹೊಡೆಯಹೊರಟ ಮೈಯ ಹಾವಳಿಯೇ ಹೆಚ್ಚಾಗಿತ್ತು. ಜೀವಕೋಶಗಳು ಒಂದಕ್ಕೊಂದು ಉರಿಯೂತದ ಸಂದೇಶ ಕಳಿಸಿ, ಮೈಯೆಲ್ಲ ಡಂಗುರ ಸಾರಿ, ಚೆನ್ನಾಗಿದ್ದ ಅಂಗಗಳನ್ನೂ ಕೆಡಿಸುತ್ತಿದ್ದವು. ಡಾಕ್ಟರು ಆ ಸಂದೇಶವನ್ನೇ ತಡೆಯುವ ಹೊಸ ಔಷಧ ಕೊಟ್ಟರು. ಜ್ವರ ಇಳಿಯಿತು, ಉಸಿರು ಹಗುರಾಯಿತು. ಡಾಕ್ಟರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಡಾಕ್ಟ್ರೇ, ಮಗ್ಗುಲು ತಿರುಗಿಸಿದ್ರೆ ಇವರು ಹೊಟ್ಟೆ ಬಿಗಿ ಹಿಡೀತಾರೆ, ಮುಖ ಕಿವುಚ್ತಾರೆ. ಏನೋ ಸರಿಯಿಲ್ಲ ಅನ್ಸುತ್ತೆ" ಎಂದರು ದರ್ಜಿಯ ಹೆಂಡತಿ.

ಡಾಕ್ಟರು ಚಾರ್ಟ್ ತಿರುವಿದರು. "ಜ್ವರ ಇಲ್ವಲ್ಲಮ್ಮ! ರಕ್ತದ ರಿಪೋರ್ಟೂ ಚೆನ್ನಾಗಿದೆ. ಇಲ್ಲದ್ದನ್ನೆಲ್ಲ ತಲೆಗೆ ಹಚ್ಕೋಬೇಡಿ."

ಆಕೆ ಸಂಕೋಚದಿಂದ ನಕ್ಕು ಸುಮ್ಮನಾದರು.

ಮರುದಿನ ರಕ್ತದೊತ್ತಡ ಕುಸಿಯಿತು. ಸ್ಕ್ಯಾನ್ ಮಾಡಿದರೆ ಕರುಳು ತೂತಾಗಿ ಹೊಟ್ಟೆಯೆಲ್ಲ ಕೀವು. ಆಪರೇಷನ್ ಟೇಬಲ್ ಮೇಲೇ ದರ್ಜಿ ತೀರಿಕೊಂಡರು.

ಡಾಕ್ಟರು ಸಿಂಕಿನ ಮುಂದೆ ನಿಂತು ತೊಳೆದ ಕೈಯನ್ನೇ ತೊಳೆದರು. ಆ ಔಷಧ ಜ್ವರದ ಬಾಯನ್ನೂ ಕಟ್ಟುತ್ತದೆ. ಹೊಸ ಸೋಂಕು ಬಂದರೂ ಮೈ ಬಿಸಿಯಾಗದು, ರಿಪೋರ್ಟೂ ಏನೂ ಆಗಿಲ್ಲವೆನ್ನುತ್ತದೆ. ಕಿರಿಯ ಡಾಕ್ಟರುಗಳಿಗೆ ಈ ಪಾಠ ಹೇಳಿಕೊಟ್ಟವರು ಅವರೇ. ಕಾವಲುಗಾರನ ಬಾಯಿಗೆ ತಾವೇ ಬಟ್ಟೆ ತುರುಕಿ, ಕೂಗು ಕೇಳಿಸಲಿಲ್ಲವೆಂದು ನೆಮ್ಮದಿಯಾಗಿದ್ದರು. ಒಮ್ಮೆ ಹೊಟ್ಟೆ ಮುಟ್ಟಿ ನೋಡಿದ್ದರೆ ಸಾಕಿತ್ತು. ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಹೊರಗಿನ ಬೆಂಚಿನ ಮೇಲೆ ದರ್ಜಿಯ ಹೆಂಡತಿ ಗಂಡನ ಕನ್ನಡಕ ಹಿಡಿದು ಕುಳಿತಿದ್ದರು.

"ನನ್ನ ಬಾಯಿಗೆ ಹುಳ ಬೀಳ! ನೀವು ಚೆನ್ನಾಗಿದೆ ಅಂದ್ರೂ ಹೊಟ್ಟೆ ಹೊಟ್ಟೆ ಅಂತ ಕೆಟ್ಟದ್ದನ್ನೇ ಆಡಿದೆ. ಅದೇ ತಟ್ಟಿತು ಡಾಕ್ಟ್ರೇ."

ಎಲ್ಲ ಹಣೆಬರಹ ಎಂದು ಕೈಮುಗಿದು ಜಾರಿಕೊಳ್ಳಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ. ಡಾಕ್ಟರು ಆಕೆಯ ಪಕ್ಕ ಕುಳಿತರು.

"ಅಲ್ಲಮ್ಮ. ನೀವು ಸರಿಯಾಗೇ ಹೇಳಿದ್ರಿ. ನಾನು ಕೊಟ್ಟ ಔಷಧಿಯಿಂದ ಜ್ವರ ಬರಲಿಲ್ಲ, ಅಷ್ಟೆ. ಅದು ಗೊತ್ತಿದ್ದೂ ನಾನು ಹೊಟ್ಟೆ ಮುಟ್ಟಿ ನೋಡ್ಲಿಲ್ಲ. ತಪ್ಪು ನನ್ನದು."

ಆಕೆ ಅವರ ಕಡೆಗೆ ತಿರುಗಿದರು.

"ನಿನ್ನೆ ನೋಡಿದ್ರೆ ಉಳೀತಿದ್ರಾ?"

"ಉಳೀಬಹುದಿತ್ತು."

ಆಕೆ ಕನ್ನಡಕವನ್ನು ಮೆಲ್ಲಗೆ ಮಡಿಸಿದರು. "ಹಾಗಾದ್ರೆ ನಿನ್ನೆ ನಾನು ಸುಮ್ಮನಾಗ್ಬಾರ್ದಿತ್ತು."